ಅವ್ವ ಮೊಸರು ಬಿಟ್ಟದ್ದು

ಧಾರವಾಡ, ೧೪ ಜೂನ್ ೧೯೩೭

ಈ ವಹಿ ಡಾಕ್ಟರರು ಕೊಟ್ಟದ್ದು. ಔಷಧದ ಕಂಪನಿಯೊಂದು ಹೋದ ವರ್ಷ ಕಳಿಸಿತ್ತು, ಮುಕ್ಕಾಲು ಹಾಳೆ ಖಾಲಿ ಇವೆ. ಅವ್ವ ದಿನಕ್ಕೆ ಎಷ್ಟು ಸಲ ಹೊರಕಡೆಗೆ ಹೋದಳು, ರಕ್ತ ಬಿತ್ತೋ ಇಲ್ಲವೋ, ಏನು ಉಂಡಳು, ಇಷ್ಟನ್ನು ಬರೆದಿಡಬೇಕಂತೆ.

"ಬಾಯಲೆ ಹೇಳ್ತೇನ್ರಿ" ಎಂದೆ.

"ನಿನ್ನ ಬಾಯಿ ಮ್ಯಾಲೆ ನನಗೀಗ ನಂಬಿಗಿ ಇಲ್ಲ ಮುರುಗೆಪ್ಪಾ. ನಿನ್ನೆ ಕೆಮ್ಮಿನ ಬಾಟ್ಲಿಗೆ ಕಣ್ಣಿನ ಔಷಧದ ಚೀಟಿ ಹಚ್ಚಿದ್ದಿ."

ಹಚ್ಚಿದ್ದು ನಿಜ.

ಅವ್ವ ಇಂದು: ಒಂಬತ್ತು ಸಲ. ರಕ್ತ ಇದೆ. ಬಾರ್ಲಿ ಗಂಜಿ ಎರಡು ಬಟ್ಟಲು ಕೊಟ್ಟೆ, ಒಂದನ್ನು ಹಾಗೇ ಉಳಿಸಿದಳು.

ನನ್ನ ಹೆಂಡತಿ ಗೌರಕ್ಕ ತೀರಿಹೋಗಿ ಇಂದಿಗೆ ಎಪ್ಪತ್ಮೂರು ದಿನ. ಇದನ್ನು ಬರೆ ಎಂದು ಯಾರೂ ಹೇಳಿಲ್ಲ.

೧೭ ಜೂನ್

ಏಳು ಸಲ. ರಕ್ತ ಕಡಿಮೆ. ಮೂರನೆಯ ಇಂಜೆಕ್ಷನ್ ಆಯಿತು.

ಲೈನಬಜಾರದ ದವಾಖಾನೆಯಲ್ಲಿ ನಾನು ಕಂಪೌಂಡರನಾಗಿ ಹನ್ನೊಂದು ವರ್ಷ. ನಿಜಾಮುದ್ದೀನ ಡಾಕ್ಟರರು ಬರೆದು ಕೊಟ್ಟದ್ದನ್ನು ಅರೆದು, ಕಲಸಿ, ಬಾಟಲಿಗೆ ತುಂಬುವುದು ಕೆಲಸ. ಮುಲ್ಕಿ ಪರೀಕ್ಷೆ ಪಾಸಾದವನಿಗೆ ಇಷ್ಟು ಸಾಕು. ರೋಗ ಎಲ್ಲಿಂದ ಬರುತ್ತದೆ ಎಂದು ಕೇಳುವ ಚಟ ನನಗೆ ಮೊದಲಿನಿಂದಲೂ ಇತ್ತು. ಹೆಂಡತಿಗೆ ವಿಷಮಜ್ವರ ಬಂದಾಗ ಉತ್ತರ ಗೊತ್ತಿತ್ತು. ಗೊತ್ತಿದ್ದು ಏನೂ ಆಗಲಿಲ್ಲ. ನೀರಿನಲ್ಲಿಯೋ ಹಾಲಿನಲ್ಲಿಯೋ ಬಂದ ಒಂದು ಹುಳ, ಕಣ್ಣಿಗೆ ಕಾಣದ್ದು.

ಅಂದಿನಿಂದ ಕುಡಿಯುವ ನೀರು, ಕೈಕಾಲು ತೊಳೆಯುವ ನೀರು ಎಲ್ಲವನ್ನೂ ಕುದಿಸುತ್ತೇನೆ. ಹೊಸ್ತಿಲಿಗೆ, ಬಚ್ಚಲಿಗೆ, ಪಾತ್ರೆ ತಿಕ್ಕುವ ಕಟ್ಟೆಗೆ ಫಿನೈಲು ಹಾಕುತ್ತೇನೆ. ಅವ್ವ ಹಾಸಿಗೆಯಲ್ಲೇ ಮೂಗಿಗೆ ಸೆರಗು ಹಿಡಿದು, "ಮನಿ ಹೋಗಿ ದವಾಖಾನಿ ಆತು. ದೇವರ ಜಗಲಿ ಒಂದ ಉಳದೈತಿ, ಅದಕ್ಕೂ ಹಾಕಿಬಿಡು" ಎಂದಳು. ಇಷ್ಟೆಲ್ಲ ಕುದಿಸಿದರೂ ಅವ್ವನಿಗೆ ಆಮಶಂಕೆ ಬಂದೇ ಬಂತು.

ಊಟ ಬೇಡವೆನಿಸಿತು. ಚಹಾ ಕುಡಿದೆ.

೨೩ ಜೂನ್

ರಕ್ತ ನಿಂತಿದೆ. ಆದರೆ ಐದು ಸಲ, ನೀರಿನಂತೆ. ಅವ್ವನ ಕುಪ್ಪಸದ ತೋಳಿನಲ್ಲಿ ಇನ್ನೊಂದು ಕೈ ಹಿಡಿಸುವಷ್ಟು ಜಾಗ ಆಗಿದೆ.

ಡಾಕ್ಟರರು ಪುಡಿ ನಿಲ್ಲಿಸಿದರು. "ಔಷಧದ ಕೆಲಸ ಮುಗೀತು. ಇನ್ನ ಮೂರ ಹೊತ್ತು ಮೊಸರ ಹಾಕು."

"ಮೊಸರೇನ್ರಿ?"

"ಮೊಸರಂದ್ರ ಮೊಸರ. ಗಡಿಗ್ಯಾಗ ಇರತೈತಲ್ಲ, ಬೆಳ್ಳಗ."

ಜಡ್ಡಿನವಳಿಗೆ ಕುದಿಸದ ಪದಾರ್ಥ, ಅದೂ ಓಣಿ ಓಣಿ ಹೊತ್ತು ಮಾರುವುದು. ಆದರೂ ಡಾಕ್ಟರರ ಮಾತು. ಹೆಂಡತಿ ಹೋದಮೇಲೆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿಲ್ಲ. ಲಕಮನಹಳ್ಳಿಯಿಂದ ತಲೆಯ ಮೇಲೆ ಗಡಿಗೆ ಹೊತ್ತು ಬರುವ ಮಾಳವ್ವನನ್ನು ಕರೆದು ಒಂದು ತಂಬಿಗೆ ತೆಗೆದುಕೊಂಡೆ. ಎಮ್ಮೆಯ ಹಾಲಿನ ಮೊಸರು, ಚಾಕುವಿನಿಂದ ಕೊಯ್ಯುವಂತಿತ್ತು. ಅವ್ವ ಎದ್ದು ಕುಳಿತು ಉಂಡಳು. ಬೇನೆ ಬಿದ್ದಮೇಲೆ ಮೊದಲ ಸಲ, ಉಪ್ಪು ಸಾಲದು ಎಂದಳು.

೨೯ ಜೂನ್

ಎರಡೇ ಸಲ. ಜೋಳದ ನುಚ್ಚು, ಮೊಸರು. ಅವ್ವ ಗೋಡೆ ಹಿಡಿಯದೆ ಕಟ್ಟೆಯವರೆಗೆ ಬಂದು ಕುಳಿತಳು.

ನಾನು ಅರೆದ ಪುಡಿಯಿಂದ ಆಗದ್ದು ಮೊಸರಿನಿಂದ ಹೇಗೆ ಆಯಿತು? ಬಾಟಲಿ ತೊಳೆಯುವಾಗಲೂ ಇದೇ ತಲೆಯಲ್ಲಿತ್ತು.

೧ ಜುಲೈ

ಇವತ್ತು ಕೇಳಿಯೇಬಿಟ್ಟೆ. ಮಧ್ಯಾಹ್ನ ರೋಗಿಗಳು ಇಲ್ಲದ ಹೊತ್ತಿನಲ್ಲಿ ಡಾಕ್ಟರರು ಮೈಕ್ರೋಸ್ಕೋಪು ಹೊರಗೆ ತೆಗೆದರು. ಅದರ ಹಿತ್ತಾಳೆಯನ್ನು ನಾನು ದಿನಾ ಒರೆಸುತ್ತೇನೆ, ಒಳಗೆ ಕಣ್ಣಿಟ್ಟದ್ದು ಕಡಿಮೆ. ಮಾಳವ್ವನ ಮೊಸರನ್ನು ಕಡ್ಡಿಯ ತುದಿಯಲ್ಲಿ ತೆಗೆದು, ನೀರು ಬೆರೆಸಿ ಗಾಜಿಗೆ ಸವರಿ, ದೀಪದ ಮೇಲೆ ಹಿಡಿದು ಒಣಗಿಸಿ, ನೀಲಿ ಬಣ್ಣ ಹಾಕಿ ತೊಳೆದರು.

ಮೊದಲು ನನ್ನ ರೆಪ್ಪೆಯೇ ಕಂಡಿತು. ತಿರುಪು ತಿರುಗಿಸುತ್ತ ಹೋದ ಹಾಗೆ ನೀಲಿ ಕಡ್ಡಿಗಳು ಕಂಡವು. ಕೆಲವು ಒಂಟಿ, ಕೆಲವು ತುದಿಗೆ ತುದಿ ಹಚ್ಚಿಕೊಂಡು ಸಾಲಾಗಿ. ನಡುವೆ ಸರ ಹರಿದು ಮಣಿ ಚೆಲ್ಲಿದಂತೆ ಸಣ್ಣ ಗುಂಡುಗಳು. ಎಣಿಸಲು ಹೋಗಿ ಇನ್ನೂರಕ್ಕೆ ಬಿಟ್ಟೆ. ಗಾಜನ್ನು ಕೂದಲಷ್ಟು ಸರಿಸಿದರೆ ಇನ್ನೊಂದು ಇನ್ನೂರು.

"ಇವೂ ಹುಳಾನರಿ?"

"ಹುಳಾನ. ಆದ್ರ ನಮ್ಮ ಕಡೆಯವು."

ಹೆಂಡತಿಯನ್ನು ಕೊಂದವೂ ಕಡ್ಡಿಯಂತೆಯೇ ಇರುತ್ತವೆ ಎಂದು ಏಪ್ರಿಲಿನಲ್ಲಿ ಇವರೇ ಹೇಳಿದ್ದರು. ಬಹಳ ಹೊತ್ತು ನೋಡಿದೆ. ಬರಿಯ ಆಕಾರದಿಂದ ಏನೂ ತಿಳಿಯುವುದಿಲ್ಲ.

ಡಾಕ್ಟರರು ಹೇಳಿದ್ದನ್ನು ಮರೆಯುವ ಮೊದಲು ಬರೆದುಕೊಳ್ಳುತ್ತೇನೆ. ಹಾಲನ್ನು ಮೊಸರು ಮಾಡುವವು ಇವೇ. ಹಾಲಿನೊಳಗಿನ ಸಿಹಿಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಯಲ್ಲಿ ಕೆಟ್ಟವುಗಳಿಗೆ ಬಾಳುವುದು ಕಷ್ಟ. ನಮ್ಮ ಕರುಳಿನಲ್ಲಿಯೂ ಇಂಥ ಒಳ್ಳೆಯವು ಕೋಟಿಗಟ್ಟಲೆ ಇವೆ. ಆಮಶಂಕೆ ಬಂದು ಅವ್ವನ ಒಳಗಿನವುಗಳ ಸಂಸಾರ ಚದುರಿಹೋಗಿದೆ, ಮೊಸರು ಉಂಡರೆ ಅವಕ್ಕೆ ಮತ್ತೆ ಕೂಡಿಕೊಳ್ಳಲು ಅನುಕೂಲ. ಮೊಸರು ಉಂಡವರು ಬಹಳ ವರ್ಷ ಬಾಳುತ್ತಾರೆಂದು ಪ್ಯಾರಿಸ್ಸಿನ ದೊಡ್ಡ ಪಂಡಿತರೊಬ್ಬರು ಮೂವತ್ತು ವರ್ಷದ ಹಿಂದೆಯೇ ಬರೆದಿದ್ದರಂತೆ.

"ಅವರು ಎಷ್ಟ ವರ್ಷ ಬಾಳಿದ್ರರಿ?"

"ಎಪ್ಪತ್ತೊಂದು. ನಿಮ್ಮೂರ ಗರಗದಾಗ ಆ ವಯಸ್ಸಿನವ್ರು ಇನ್ನೂ ರಾಟಿ ತಿರಗಸ್ತಾರ." ನಕ್ಕರು. "ಎಲ್ಲಾ ತಿಳದೈತಿ ಅನಕೋಬ್ಯಾಡ. ಮೊಸರಿನವು ಹೊಟ್ಯಾಗ ನಿಲ್ಲೂದಿಲ್ಲ, ಹಾದು ಹೋಗ್ತಾವ ಅನ್ನವ್ರೂ ಅದಾರ. ನಿಮ್ಮವ್ವಗ ಗುಣ ಕಂಡೈತಿ, ನನಗ ಗೊತ್ತಿರೂದು ಅಷ್ಟ."

ಮನೆಗೆ ಓಡುತ್ತ ಬಂದೆ ಎನ್ನಬೇಕು. ಅವ್ವ ನುಚ್ಚಿಗೆ ಮೊಸರು ಕಲಸುತ್ತಿದ್ದಳು.

"ಅವ್ವಾ, ಅದರಾಗ ಏನ ಐತಿ ಗೊತ್ತೇನು? ಹುಳ. ಜೀವಂತ ಹುಳ. ಒಂದ ಚಮಚೆದಾಗ ಹುಬ್ಬಳ್ಳಿ ಧಾರವಾಡ ಎರಡೂ ಕೂಡಿಸಿದ್ರೂ ಅಷ್ಟ ಮಂದಿ ಇಲ್ಲ. ನನ್ನ ಕಣ್ಣಿಲೆ ನೋಡಿ ಬಂದೇನಿ."

ಇಷ್ಟು ಮಾತನ್ನು ಒಮ್ಮೆಗೇ ಆಡಿ ಎಷ್ಟು ದಿನವಾಗಿತ್ತೋ. ಅವ್ವನ ಕೈ ತಟ್ಟೆಯಲ್ಲೇ ನಿಂತಿತು.

"ಜೀವಂತ?"

"ಹೌದವ್ವಾ."

ತಟ್ಟೆಯನ್ನು ಆಚೆ ಸರಿಸಿ ಕೈ ತೊಳೆದುಕೊಂಡಳು.

೩ ಜುಲೈ

ಮೂರು ಸಲ. ಮೊಸರು ಇಲ್ಲ, ಮಜ್ಜಿಗೆ ಇಲ್ಲ. ನುಚ್ಚಿಗೆ ಬಿಸಿನೀರು ಹಾಕಿಸಿಕೊಂಡು ನಾಲ್ಕು ತುತ್ತು ಉಂಡಳು.

ಅವ್ವನನ್ನು ನಾನು ಬಲ್ಲೆ. ನೀರು ಸೋಸಿದ ಅರಿವೆಯನ್ನು ಬಾವಿಯ ಕಡೆಗೇ ಝಾಡಿಸುತ್ತಾಳೆ, ಅದರಲ್ಲಿ ಸಿಕ್ಕವು ತಮ್ಮ ನೀರಿಗೆ ಹೋಗಲಿ ಎಂದು. ಪಲ್ಯ ಸೋಸುವಾಗ ಹುಳ ಸಿಕ್ಕರೆ ಎಲೆಯ ಸಮೇತ ಹಿತ್ತಲಿಗೆ ಒಯ್ದು ಬಿಡುತ್ತಾಳೆ. ಅಂಥವಳಿಗೆ ನಾನು ಹೀಗೆ ಹೇಳಿದೆ.

"ಅರವತ್ತಾರ ವರ್ಷ ಉಂಡೀಯಲ್ಲ ಅವ್ವಾ."

"ಗೊತ್ತಿದ್ದಿಲ್ಲ, ಉಂಡೆ. ಈಗ ನೀ ಹೇಳಿದಿ."

"ಕಣ್ಣಿಗೆ ಕಾಣೂದಿಲ್ಲ ಅವು."

"ದೇವರೂ ಕಾಣೂದಿಲ್ಲ."

೫ ಜುಲೈ

ಬೆಳಿಗ್ಗೆ ಮಾಳವ್ವ ಗಡಿಗೆಯನ್ನು ನಮ್ಮ ಕಟ್ಟೆಯ ಮೇಲೆ ಕುಕ್ಕಿದಳು. ಅವ್ವ ಪಕ್ಕದ ಮನೆಯವರ ಮುಂದೆ ಅಂದದ್ದು ಓಣಿಯೆಲ್ಲ ಹಬ್ಬಿ, ಆರು ಮನೆಯವರು ಆಕೆಯ ಮೊಸರು ಬೇಡವೆಂದಿದ್ದಾರೆ.

"ನನ್ನ ಮೊಸರಾಗ ಹುಳ ಅದಾವ ಅಂದಾಂವ ಯಾಂವ? ಹೊರಗ ಬಾರೋ ಕಂಪೌಂಡರಾ. ತೋರಸು. ಒಂದ ಹುಳ ತೋರಸು, ಗಡಿಗಿ ಇಲ್ಲೇ ಒಡೀತೇನಿ."

"ಕಣ್ಣಿಗೆ ಕಾಣೂವಲ್ಲ ಮಾಳವ್ವಾ. ಎಲ್ಲಾರ ಮೊಸರಾಗೂ ಇರತಾವ. ಇದ್ರನ ಹಾಲು ಹೆಪ್ಪಾಗೂದು."

"ಹಂಗಾರ ಅದಕ್ಕ ಹೆಪ್ಪ ಅಂತಾರೋ ಹುಚ್ಚಪ್ಪಾ, ಹುಳ ಅಂತಾರೇನು? ಹೆಪ್ಪಿಗೆ ಜೀವ ಐತಿ ಅಂತ ನನಗ ಗೊತ್ತಿಲ್ಲೇನು? ಥಂಡ್ಯಾಗ ಕೂಸಿಗೆ ಹೊಚ್ಚಿದಂಗ ಅರಿವಿ ಹೊಚ್ಚಿ ಮಲಗಸ್ತೇನಿ. ನೀ ಸಾಲಿ ಕಲತು ಇವತ್ತ ತಿಳಕೊಂಡಿ."

 ಆಕೆ ಗಡಿಗೆ ಹೊತ್ತುಕೊಂಡು, ಇನ್ನು ಈ ಓಣಿಗೆ ಕಾಲಿಡುವುದಿಲ್ಲ ಎಂದು ಹೋದಳು. ಒಳಗಿನಿಂದ ಅವ್ವ, "ನೋಡು, ಆಕೀನೂ ಜೀವ ಐತಿ ಅಂದ್ಲು" ಎಂದಳು.

ನಾಲ್ಕು ಸಲ.

೮ ಜುಲೈ

ಉಪಾಯ ಹೊಳೆಯಿತೆಂದು ಬೆಳಿಗ್ಗೆ ಬಹಳ ಖುಷಿಯಾಗಿದ್ದೆ. ಜೀವ ಇರುವುದೇ ಅಡ್ಡಿಯಾದರೆ ಜೀವ ಇಲ್ಲದಂತೆ ಮಾಡಿದರಾಯಿತು. ಪೇಟೆಯಿಂದ ಮೊಸರು ತಂದು, ದವಾಖಾನೆಯಲ್ಲಿ ಸೂಜಿ ಕುದಿಸುವಂತೆ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಕುದಿಸಿದೆ. ಒಡೆದು ನೀರೊಂದು ಕಡೆ, ಗಸಿ ಒಂದು ಕಡೆ ಆಯಿತು. ಬಟ್ಟಲಿಗೆ ಹಾಕಿ ಅವ್ವನ ಮುಂದೆ ಇಟ್ಟೆ.

"ಇದರಾಗ ಈಗ ಒಂದೂ ಜೀವ ಇಲ್ಲವ್ವಾ. ಖರೇ."

"ಅದಾವ ಅಂದಿಯಲ್ಲಾ ಮೊನ್ನೆ. ಎಲ್ಲಿ ಹೋದವು?"

ಆಗ ನನಗೆ ತಿಳಿಯಿತು, ಆದರೆ ತಡವಾಗಿತ್ತು.

"ನನ್ನ ಸಲುವಾಗಿ ಕುದಿಸಿ ಕೊಂದು ತಂದಿ" ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಐದು ಸಲ.

೯ ಜುಲೈ

ಆ ಕುದಿಸಿದ ಮೊಸರನ್ನು ಚೆಲ್ಲುವ ಮೊದಲು ಒಂದು ಚಮಚೆ ಉಗುರುಬೆಚ್ಚನೆಯ ಹಾಲಿಗೆ ಹಾಕಿಟ್ಟಿದ್ದೆ. ಪಕ್ಕದಲ್ಲಿ ಇನ್ನೊಂದು ಬಟ್ಟಲು ಹಾಲಿಗೆ ಕುದಿಸದ ಮೊಸರು. ಬೆಳಿಗ್ಗೆ ಕುದಿಸದ ಮೊಸರಿನ ಬಟ್ಟಲು ಗಟ್ಟಿಯಾಗಿ ಕುಳಿತಿತ್ತು, ಕುದಿಸಿದ್ದನ್ನು ಹಾಕಿದ ಹಾಲು ಹಾಲಾಗಿಯೇ ಇತ್ತು. ಎರಡನ್ನೂ ಬಹಳ ಹೊತ್ತು ನೋಡಿದೆ. ಈ ಮೂರು ತಿಂಗಳು ಮನೆಯಲ್ಲಿ ನಾನು ಏನೇನು ಕುದಿಸಿದೆನೋ.

ಇವತ್ತು ಬಚ್ಚಲಿಗಷ್ಟೇ ಫಿನೈಲು ಹಾಕಿದೆ.

ಅವ್ವ: ಐದು.

೧೩ ಜುಲೈ

ನುಚ್ಚಿನಲ್ಲಿ ಎರಡು ಚಮಚೆ ಮೊಸರು ಮುಚ್ಚಿ ಕಲಸಿ ಕೊಟ್ಟೆ. ಮೊದಲ ತುತ್ತಿಗೇ ಗೊತ್ತಾಯಿತು. ಬೈಯಲಿಲ್ಲ. ತಟ್ಟೆ ಕೆಳಗಿಟ್ಟು, "ಇನ್ನ ನಿನ್ನ ಕೈಲೆ ಉಣ್ಣೂದಿಲ್ಲ" ಎಂದಳು. ಕುಳಿತಲ್ಲೇ ಒಲೆಯ ಹತ್ತಿರ ಸರಿದು ತಾನೇ ಗಂಜಿ ಮಾಡಿಕೊಂಡಳು. ಬಟ್ಟಲಿಗೆ ಹಾಕಿಕೊಳ್ಳುವಾಗ ಅರ್ಧ ಚೆಲ್ಲಿತು.

೧೬ ಜುಲೈ

ಆರು. ಗಂಜಿ ಅರ್ಧ ಬಟ್ಟಲು.

೧೯ ಜುಲೈ

ಏಳು. ಎದ್ದು ಹೋಗಲು ಆಗುವುದಿಲ್ಲ, ಎತ್ತಿಕೊಂಡು ಹೋಗುತ್ತೇನೆ. ಭಾರವೇ ಇಲ್ಲ. ಡಾಕ್ಟರರು ವಹಿ ಎಲ್ಲಿ ಎಂದು ಕೇಳಿದರು, ಮನೆಯಲ್ಲಿ ಮರೆತೆ ಎಂದೆ. ಇದು ಮೂರನೆಯ ಸಲ ಮರೆತದ್ದು. ನನ್ನ ಬಾಯಿಂದಲೇ ಅವ್ವನ ಊಟ ಬಿಡಿಸಿದೆ ಎಂದು ಹೇಗೆ ಹೇಳಲಿ.

ಈ ಮನೆಯಿಂದ ಒಂದೇ ವರ್ಷದಲ್ಲಿ ಇಬ್ಬರು.

೨೨ ಜುಲೈ

ಬೆಳಿಗ್ಗೆ ವಹಿಯನ್ನು ಡಾಕ್ಟರರ ಮೇಜಿನ ಮೇಲೆ ಇಟ್ಟೆ. ನಿಂತೇ ಓದಿದರು. ಲೆಕ್ಕದ ಸಾಲುಗಳನ್ನಷ್ಟೇ ಓದಿದರೋ, ಎಲ್ಲವನ್ನೂ ಓದಿದರೋ ತಿಳಿಯಲಿಲ್ಲ. "ಇಪ್ಪತ್ತ ನಿಮಿಷ, ಗಡಿಯಾರ ನೋಡಿ" ಎಂದು ಹಣೆ ಒತ್ತಿಕೊಂಡು, ರೋಗಿಗಳನ್ನು ಕಾಯಲು ಕುಳ್ಳಿರಿಸಿ ನನ್ನ ಜೊತೆ ಹೊರಟುಬಂದರು.

ಅವ್ವ ಸೆರಗು ಸರಿಮಾಡಿಕೊಂಡು ಏಳಲು ನೋಡಿದಳು, ಆಗಲಿಲ್ಲ.

"ಬರ್ರಿ ಸಾಹೇಬ್ರ. ಮೊಸರ ಉಣ್ಣು ಅನ್ನಾಕ ಬಂದಿದ್ರ ಚಹಾ ಕುಡದು ಹೋಗ್ರಿ."

"ಚಹಾ ಕುಡೀತೇನ್ರಿ" ಎಂದು ಡಾಕ್ಟರರು ಚಾಪೆಯ ಮೇಲೆ ಕುಳಿತರು. ನಾಡಿ ನೋಡಿದರು, ನಾಲಿಗೆ ನೋಡಿದರು. ನಾನು ಚಹಾ ತಂದೆ.

ಅವ್ವನೇ ಕೇಳಿದಳು. "ಮೊಸರಿನ್ಯಾಗಿರೂದು ಜೀವ ಹೌದಲ್ರಿ?"

ನಾನು ಅವ್ವನ ಹಿಂದೆ ನಿಂತು, ಇಲ್ಲ ಅನ್ನಿರಿ ಎಂದು ಡಾಕ್ಟರರಿಗೆ ಕೈ ಆಡಿಸಿದೆ.

"ಜೀವ ಹೌದ್ರಿ."

"ಉಂಡ್ರ ಸಾಯ್ತಾವಲ್ರಿ?"

"ಬಹಳಷ್ಟು ಸಾಯ್ತಾವ, ಹೊಟ್ಯಾಗಿನ ಹುಳಿಗೆ. ಒಂದಿಷ್ಟು ಬದಕ್ತಾವ."

ನನಗೆ ಸಿಟ್ಟು ಬಂತು. ಒಂದು ಸುಳ್ಳಿನಲ್ಲಿ ಮುಗಿಯುತ್ತಿತ್ತು.

"ಆದ್ರ ಅವಷ್ಟ ಅಲ್ರಿ" ಎಂದರು ಡಾಕ್ಟರರು. "ನಿಮ್ಮ ಕರಳಿನ್ಯಾಗ ಬ್ಯಾರೆ ಅದಾವ. ಅಲ್ಲೇ ಮನಿ ಮಾಡಿಕೊಂಡಿರೂವು. ಈಗ ನಾವು ಮಾತಾಡೂ ಹೊತ್ತಿನ್ಯಾಗೂ ಅದಾವ."

ಅವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನನ್ನ ಒಳಗ?"

"ಎಲ್ಲಾರ ಒಳಗೂ. ನಿಮಗ ಬ್ಯಾನಿ ಬರದಂಗ ಕಾಯೂವು ಅವ."

"ಏನ ಉಣ್ತಾವು?"

"ನೀವ ಉಂಡು ಉಳದದ್ದು."

"ನಾ ಉಣದಿದ್ರ?"

"ಅವಕ್ಕೂ ಇಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ಇದನ್ನ ಯಾಕ ಹೇಳಲಿಲ್ಲೋ?"

ಹೇಳಿರಲಿಲ್ಲ. ಮೊಸರಿನವುಗಳ ಸುದ್ದಿಯನ್ನು ಹೇಳುವ ಅವಸರದಲ್ಲಿ ಹೊಟ್ಟೆಯವುಗಳ ಸುದ್ದಿಯನ್ನೇ ಬಿಟ್ಟಿದ್ದೆ. ಆಮೇಲೆ ಹೊಳೆಯಲೂ ಇಲ್ಲ.

"ನಾ ಹೊಟ್ಟಿತುಂಬ ಉಂಡು ಎಷ್ಟ ದಿನ ಆತು? ನಿನ್ನ ವಹಿಯಾಗ ನೋಡು."

ನೋಡಿದೆ. "ಇಪ್ಪತ್ತೊಂದು."

ನಮ್ಮ ಕಟ್ಟೆ ಹತ್ತಿದವರು, ಜಂಗಮರಾಗಲಿ, ಗರಗದಿಂದ ಸಂತೆಗೆ ಬಂದವರಾಗಲಿ, ಉಣ್ಣದೆ ಇಳಿದಿಲ್ಲ. ಅವ್ವ ದೊಡ್ಡದಾಗಿ ಹೇಳಿಕೊಳ್ಳುವ ಮಾತು ಅದೊಂದೇ. ಈಗ ಹೊಟ್ಟೆಯ ಮೇಲಿನ ಕೈ ತೆಗೆಯದೆ, "ಒಳಗಿನವನ್ನ ಇಪ್ಪತ್ತೊಂದ ದಿನ ಉಪವಾಸ ಕೆಡವೇನಿ" ಎಂದಳು. ಡಾಕ್ಟರರು ಏನೋ ಹೇಳಹೋದರು. "ನೀವ ಸುಮ್ಮಕಿರ್ರಿ, ಚಹಾ ಆರತೈತಿ" ಎಂದಳು. ಆಮೇಲೆ ನನಗೆ, "ಮೊಸರ ತೊಗೊಂಡ ಬಾ."

ಮಾಳವ್ವ ಕಾಮನಕಟ್ಟಿಯ ಮೂಲೆಯಲ್ಲಿ ಸಿಕ್ಕಳು.

"ಹುಳ ಬೇಕೇನು, ಮೊಸರ ಬೇಕೇನು?"

"ಮೊಸರ."

"ಕೇಳಸಲಿಲ್ಲ."

"ಮೊಸರ ಬೇಕು ಮಾಳವ್ವಾ, ನಿಂದ ಮೊಸರ ಬೇಕು" ಎಂದು ಕೂಗಿ ಹೇಳಿದೆ. ಎರಡು ಮನೆಯ ಬಾಗಿಲು ತೆರೆದವು. ಆಕೆ ಗಡಿಗೆ ಇಳಿಸಿ ತಂಬಿಗೆ ತುಂಬಿ, ಮೇಲೊಂದಿಷ್ಟು ಕೆನೆ ಹಾಕಿದಳು.

ಅವ್ವ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು, ನುಚ್ಚು ಮೊಸರಿನ ಬಟ್ಟಲನ್ನು ಲಿಂಗಕ್ಕೆ ತೋರಿಸಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಳು. ಆಮೇಲೆ ಉಂಡಳು.

"ಸಾಯ್ತಾವ ಅಂತ ಅಂದ್ರಲ್ಲ ಸಾಹೇಬ್ರು" ಎಂದಳು ನನಗೆ, ಡಾಕ್ಟರರು ಹೋದಮೇಲೆ. "ಸಾಯೂದಿಲ್ಲ ಅಂದಿದ್ರ ಉಳದ ಮಾತೂ ನಂಬತಿದ್ದಿಲ್ಲ."

೨೫ ಜುಲೈ

ನಾಲ್ಕು. ನುಚ್ಚು, ಮೊಸರು, ಮೂರು ಹೊತ್ತು. ಪ್ರತಿ ಸಲ ಕೊನೆಯ ತುತ್ತು ನಿಧಾನ ನುಂಗಿ, ಮುಟ್ಟಿತೋ ಇಲ್ಲವೋ ಎನ್ನುವ ಹಾಗೆ ಕುಳಿತುಕೊಳ್ಳುತ್ತಾಳೆ.

೩೦ ಜುಲೈ

ಎರಡು. ಗೋಡೆ ಬಿಟ್ಟು ನಡೆದಳು.

ಮನೆಯಲ್ಲಿಯೇ ಹೆಪ್ಪು ಹಾಕಿದೆ. ಮಾಳವ್ವ ಹೇಳಿದಂತೆ ಅರಿವೆ ಹೊಚ್ಚಿದ್ದೇನೆ. ಹೊರಗೆ ಜಿನುಗು ಮಳೆ, ಗಾಳಿ ತಣ್ಣಗಿದೆ. ಎರಡು ಸಲ ಎತ್ತಿ ನೋಡಿದೆ, ಅಲುಗಿಸಬಾರದಂತೆ.

೮ ಆಗಸ್ಟ್

ಒಂದು ವಾರ ಏನೂ ಬರೆದಿಲ್ಲ, ಬರೆಯುವಂಥದ್ದು ಇರಲಿಲ್ಲ.

ನಿನ್ನೆ ಡಾಕ್ಟರರನ್ನು ಇನ್ನೊಂದು ಕೇಳಿದೆ. ಮೊದಲ ಹೆಪ್ಪು ಎಲ್ಲಿಯದು? ಕೂಸು ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಯಾವ ಜೀವವೂ ಇರುವುದಿಲ್ಲವಂತೆ. ಹುಟ್ಟುತ್ತ ತಾಯಿಯ ಮೈಯಿಂದ, ಆಮೇಲೆ ಆಕೆಯ ಎದೆ, ಕೈ, ಸೀರೆಯಿಂದ ಬಂದು ಸೇರಿ, ಎರಡು ಮೂರು ದಿನದಲ್ಲಿ ಕರುಳು ತುಂಬುತ್ತವಂತೆ. ಎದೆಹಾಲು ಕುಡಿದ ಕೂಸಿನಲ್ಲಿ ಒಂದು ಜಾತಿಯವೇ ಹೆಚ್ಚಂತೆ. ಆಕಳ ಹಾಲು ಕುಡಿದ ಕೂಸಿನಲ್ಲಿ ಬೇರೆ ಏಕೆ ಎಂದು ಕೇಳಿದೆ. ನಾಳೆ ಪುಸ್ತಕ ನೋಡಿ ಹೇಳುತ್ತೇನೆ ಎಂದರು.

ಇವತ್ತು ರವಿವಾರ. ಅವ್ವ ಬೇನೆಯ ನಂತರ ಮೊದಲ ಸಲ ರೊಟ್ಟಿ ಬಡಿಯಲು ಕುಳಿತಿದ್ದಳು. ಊಟಕ್ಕೆ ಕುಳಿತು ಇದೆಲ್ಲ ಹೇಳಿದೆ. ಈ ಸಲ ಅರ್ಧಕ್ಕೆ ಬಿಡದೆ ಪೂರ್ತಿ ಹೇಳಿದೆ. ಅವ್ವನ ರೊಟ್ಟಿ ಬಡಿತ ನಿಂತಿತು.

"ಹಂಗಂದ್ರ ನಿನಗ ಹೆಪ್ಪ ಹಾಕಿದಾಕಿ ನಾ."

"ಹಂಗ ಆತವ್ವಾ."

"ಮತ್ತ ನಾ ಹಾಕಿದ ಹೆಪ್ಪ ಹಿಂಗ ಒಣಗಸಾಕ ನಿನಗ ಹೇಳಿದವರ ಯಾರು? ಗೌರಕ್ಕ ಇದ್ದಾಗ ನಾಕ ರೊಟ್ಟಿ ಉಣತಿದ್ದಿ. ಈಗ ಒಂದ ಮುರದು ಅರ್ಧಾ ಬಿಡತಿ."

"ಹಸಿವಿಲ್ಲವ್ವಾ."

"ನಿನಗಿಲ್ಲ. ನಿನ್ನ ಒಳಗಿನವನ್ನ ಕೇಳಿದೇನು?"

ತಟ್ಟೆಗೆ ಬಿಸಿ ರೊಟ್ಟಿ ಬಿತ್ತು, ಮೇಲೆ ಗುರೆಳ್ಳಿನ ಚಟ್ನಿ, ಪಕ್ಕದಲ್ಲಿ ಮೊಸರು. ಗೌರಕ್ಕ ಚಟ್ನಿಗೆ ಬೆಳ್ಳುಳ್ಳಿ ಹೆಚ್ಚು ಹಾಕುತ್ತಿದ್ದಳು, ಅವ್ವ ಹಾಕುವುದಿಲ್ಲ. ಅದನ್ನು ಅವ್ವನಿಗೆ ಹೇಳಿದೆ. ನಾಳೆ ಹಾಕುತ್ತೇನೆ ಎಂದಳು. ಎರಡು ರೊಟ್ಟಿ ಉಂಡೆ. ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ಅವ್ವ ನನ್ನ ಕಡೆ ನೋಡಲಿಲ್ಲ. ಹಿಟ್ಟಿನ ಕೊಣಮಿಗೆಯಿಂದ ಇನ್ನೊಂದು ಹಿಡಿ ತೆಗೆದು ನಾದಲು ಹತ್ತಿದಳು.